ನನ್ನಂಗ ಆಗು, ನನ್ನಂಗ ಆಗು

ಕಸಬಾ ಪೇಠ, ಪುಣೆ
೧೮ ಅಕ್ಟೋಬರ್ ೧೯೩೬, ರವಿವಾರ

ನನ್ನ ಅವ್ವ ಕಲ್ಲವ್ವನಿಗೆ, ಬೇಡವೆಂದರೂ ಅವ್ವ ಎಂದೇ ಕರೆಯುವ ರುದ್ರವ್ವನ ಶರಣು.

ಅಪ್ಪಾಸಾಹೇಬ ಕಾಕಾ, ಮೊದಲು ನಿಮಗೆ ಒಂದು ಮಾತು. ಅವ್ವನಿಗೆ ಅಕ್ಷರ ಬಾರದು. ನಮ್ಮ ಓಣಿಗೆ ಬರುವ ಕಾಗದಗಳೆಲ್ಲ ನಿಮ್ಮ ಕನ್ನಡಕದ ಕೆಳಗೇ ಹಾಯಬೇಕು. ಈ ಪತ್ರವನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಬೇಕು. ನಿಮ್ಮ ಹೆಸರು ಬಂದಲ್ಲಿ ಕೆಮ್ಮಬಾರದು. ನನ್ನನ್ನು ನಾನೇ ಬೈದುಕೊಂಡಲ್ಲಿ ದನಿ ಇಳಿಸಬಾರದು.

ಅವ್ವಾ, ನೀನು ಆಗಸ್ಟಿನಲ್ಲಿ ಬರೆಸಿದ ಪತ್ರ ನನ್ನ ಮುಂದಿದೆ. ಇಷ್ಟೇ ಸಾಲು. ಚಲೋ ಇರು, ಹೊತ್ತಿಗೆ ಸರಿಯಾಗಿ ಊಟ ಮಾಡು. ಜಗಲಿ ಮ್ಯಾಲಿನ ಗೂಡು ಒಡದು ನೋಡೇನಿ, ನೀ ಬರದಿದ್ದು ಖರೇ ಅದ. ಆಮೇಲೆ ಇನ್ನೊಂದು ಸಾಲಿದೆ, ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಕೊಡುತ್ತೇನೆ. ಅದರ ಕೆಳಗೆ ಕಾಕಾ ಎಂದಿನಂತೆ ‘ನಿನ್ನ ಅವ್ವ’ ಎಂದು ಬರೆದಿದ್ದಾರೆ. ಆ ಶಬ್ದದ ಮೇಲೆ ಗೆರೆ ಎಳೆದು ‘ನಿನ್ನ ದೊಡ್ಡವ್ವ ಕಲ್ಲವ್ವ’ ಎಂದು ಮಾಡಿದ್ದಾರೆ. ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾಕಾನ ಸ್ವಂತ ಮಾತು: ಹೊಡೆದು ಹಾಕು ಅಂದಳು, ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಅಂದಳು.

ಎರಡು ತಿಂಗಳಿನಿಂದ ಆ ಒಂದು ಗೆರೆಯನ್ನು ನೋಡುತ್ತಿದ್ದೇನೆ. ಪತ್ರಿಕೆಯ ಸಂಪಾದಕರಿಗೆ ನಾಲ್ಕು ಪುಟದ ಉತ್ತರವನ್ನು ಒಂದೇ ಸಲಕ್ಕೆ ಕೂತು ಬರೆಯುವ ನಾನು ನಿನಗೆ ಒಂದು ಸಾಲು ಬರೆಯಲಾರದೆ ಕೂತಿದ್ದೆ. ಇವತ್ತು ಬರೆಯುತ್ತಿದ್ದೇನೆ. ನನಗೆ ಬೇಕಾದದ್ದು ಒಂದೇ. ಆ ಗೆರೆ ಅಳಿಯಬೇಕು.

ಕಲ್ಲು ಎಸೆದವಳು ತನ್ನ ಕೈಯಿಂದಲೇ ಅದನ್ನು ಎತ್ತಿಕೊಳ್ಳಬೇಕು. ಆದ್ದರಿಂದ ಜುಲೈಯಲ್ಲಿ ನಾನು ಬರೆದದ್ದನ್ನು ಮತ್ತೆ ಇಲ್ಲಿ ಇಡುತ್ತೇನೆ. ನನ್ನನ್ನು ಹೆತ್ತವಳು ನಿನ್ನ ತಂಗಿ ಭೀಮವ್ವ. ನಾನು ಅವಳ ನಾಲ್ಕನೆಯ ಕೂಸು. ನಿನಗೆ ಮಕ್ಕಳಿರಲಿಲ್ಲ. ನೇಸರಗಿಯ ಅವಳ ಮನೆಯಲ್ಲಿ, ನನಗೆ ನಲವತ್ತು ದಿನ ತುಂಬಿದಾಗ, ಅವಳೇ ನನ್ನನ್ನು ನಿನ್ನ ಉಡಿಯಲ್ಲಿ ಹಾಕಿದಳು. ಇದು ಓಣಿಗೆಲ್ಲ ಗೊತ್ತು. ನಾನು ನಿನ್ನನ್ನು ಅವ್ವ ಎಂದೆ, ಅವಳನ್ನು ಚಿಕ್ಕವ್ವ ಎಂದೆ. ಚಿಕ್ಕವ್ವ ಈ ಏಪ್ರಿಲಿನಲ್ಲಿ, ನನ್ನ ಟ್ರೇನಿಂಗ್ ಶಾಲೆಯ ಪರೀಕ್ಷೆ ನಡೆದಿದ್ದಾಗ ತೀರಿಕೊಂಡಳು. ಪರೀಕ್ಷೆ ಮುಗಿಯಲಿ ಎಂದು ನೀನು ಹದಿನೈದು ದಿನ ತಡೆದು ತಿಳಿಸಿದೆ. ಹೆತ್ತವಳ ಮಣ್ಣಿಗೆ ನಾನು ಬರಲಿಲ್ಲ. ಬೇಸಿಗೆ ರಜೆಗೂ ಊರಿಗೆ ಬರಲಿಲ್ಲ. ಜುಲೈಯಲ್ಲಿ ಆ ಪತ್ರ ಬರೆದೆ.

ಅದರಲ್ಲಿ ಹೀಗಿತ್ತು. ಅವ್ವಾ, ನೀನು ಹೇಳುತ್ತಿದ್ದ ಕುಂಬಾರ ಹುಳದ ಕಥೆ ಸುಳ್ಳು. ಆ ಹುಳ ಪರರ ಕೂಸನ್ನು ತಂದು ತನ್ನ ಮಗುವಾಗಿ ಮಾಡಿಕೊಳ್ಳುವುದಿಲ್ಲ. ಹಸಿರು ಹುಳುಗಳನ್ನು ಕುಟುಕಿ, ಜೀವ ಇರುವ ಹಾಗೆಯೇ ಅಲುಗದಂತೆ ಮಾಡಿ, ತನ್ನ ಮರಿಗೆ ಬುತ್ತಿ ಎಂದು ಗೂಡಿನಲ್ಲಿ ತುಂಬಿಡುತ್ತದೆ. ನೀನೂ ನನ್ನನ್ನು ಹಾಗೆಯೇ ಹೊತ್ತುಕೊಂಡು ಬಂದೆ. ಹೆತ್ತವಳ ಕಡೆಯ ಉಸಿರಿಗೂ ಬಿಡಲಿಲ್ಲ, ಸುದ್ದಿ ಮುಚ್ಚಿಟ್ಟ ಸುಳ್ಳುಗಾರ್ತಿ ನೀನು. ಇದೇ ಏನು ನಿನ್ನ ದೇವರ ಏರ್ಪಾಡು?

ಕಾಗದ ಬಂದರೆ ಕಾಕಾ ಕಟ್ಟೆಯ ಮೇಲೆ ಕೂತು ಓದುತ್ತಾರೆ, ಅಕ್ಕಪಕ್ಕದವರು ಜೋಳ ಹಸನು ಮಾಡುತ್ತ ಕೇಳುತ್ತಾರೆ ಎಂಬುದು ನನಗೆ ಮರೆತಿರಲಿಲ್ಲ. ನಾಲ್ಕು ಮಂದಿ ಕೇಳಲಿ ಎಂದೇ ಬರೆದೆ. ಅರಳೆ ವ್ಯಾಪಾರದ ಗೂಳಪ್ಪಣ್ಣ ಪುಣೆಗೆ ಬಂದಾಗ ನನ್ನ ಖೋಲಿಯವರೆಗೆ ಬಂದು, ನೀರನ್ನೂ ಮುಟ್ಟದೆ, ಬಾಗಿಲಲ್ಲೇ ನಿಂತು ಹೇಳಿ ಹೋದ. ಓದುವುದು ಅರ್ಧಕ್ಕೆ ಬಂದಾಗ ಶಿವಬಸವ್ವ ಮೊರ ಕೆಳಗಿಟ್ಟಳಂತೆ. ಕಾಕಾ ಇಷ್ಟು ಸಾಕಲ್ಲ ಎಂದರಂತೆ. ನೀನು ಓದ್ರಿ ಎಂದೆಯಂತೆ. ಕೊನೆಯವರೆಗೂ ನೀನೊಬ್ಬಳು ಜೋಳ ಹಸನು ಮಾಡುತ್ತಲೇ ಇದ್ದೆಯಂತೆ, ಹಸನಾದದ್ದನ್ನೇ ಮತ್ತೆ ಮತ್ತೆ. ಗೂಳಪ್ಪಣ್ಣ ಇಳಿಯುವಾಗ ಒಂದು ಮಾತು ಅಂದ: “ಭಾಳ ಓದೀಯವ್ವಾ ನೀ. ಇನ್ನಷ್ಟು ಓದಿದ್ರ ನಮ್ಮನ್ನೆಲ್ಲಾ ಹುಗದ ಬಿಡ್ತಿದ್ದಿ.”

ಈಗ ನಿನ್ನ ಕಥೆಯನ್ನು ನಾನೇ ನಿನಗೆ ಹೇಳುತ್ತೇನೆ, ತಪ್ಪಿದರೆ ತಿದ್ದು. ನಮ್ಮ ದೇವರ ಜಗಲಿಯ ಮೂಲೆಯಲ್ಲಿ, ವಿಭೂತಿ ಇಡುವ ಗೂಡಿನ ಮೇಲೆ, ಕುಂಬಾರ ಹುಳದ ಆ ಮಣ್ಣಿನ ಗಂಟು ಇತ್ತು. ಪ್ರತಿ ವರ್ಷ ಪಂಚಮಿಗೆ ಮನೆಗೆಲ್ಲ ಸುಣ್ಣ ಹೊಡೆಯುತ್ತಿದ್ದೆ, ಅದೊಂದನ್ನು ಬಿಟ್ಟು. ಬೆಳ್ಳಗಿನ ಗೋಡೆಯಲ್ಲಿ ಅದು ಹುಣ್ಣಿನ ಹಾಗೆ ಕಾಣುತ್ತಿತ್ತು. ಕೆಡವು ಎಂದು ನಾನು ಹಟ ಮಾಡಿದಾಗ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಆ ಹುಳಕ್ಕ ಹೊಟ್ಟೀಲೆ ಮಕ್ಕಳಿಲ್ಲ. ಹೊಲಾ ತಿರಿಗಿ ಒಂದು ಹುಳಾ ತರತದ. ಗೂಡಿನ್ಯಾಗ ಇಟ್ಟು ಸುತ್ತ ಗುಂಯ್‌ಗುಡತದ. ನನ್ನಂಗ ಆಗು, ನನ್ನಂಗ ಆಗು ಅಂತದ. ಕೇಳಿ ಕೇಳಿ ಆ ಹುಳಕ್ಕ ರೆಕ್ಕಿ ಬರತಾವ. ದೇವರು ಯಾರನ್ನೂ ಬರಿ ಉಡಿಯಿಂದ ಕಳಸೂದಿಲ್ಲ ಮಗಳ. ನನಗಾಗ ಆರು ವರ್ಷ. ನಾನು ಯಾರ ಹೊಟ್ಟೆಯವಳು ಎಂದು ಅವತ್ತೇ ಬೆಳಿಗ್ಗೆ ನೀರಿನ ಹೊಂಡದ ಹತ್ತಿರ ಯಾರೋ ನನಗೆ ಹೇಳಿದ್ದರು. ಸಂಜೆ ನೀನು ಈ ಕಥೆ ಹೇಳಿದೆ. ಅದಕ್ಕೂ ಇದಕ್ಕೂ ಇದ್ದ ನಂಟು ನನಗೆ ಹೊಳೆದದ್ದು ಈಗ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ. ಇಷ್ಟೆಲ್ಲ ಓದಿದವಳ ಬುದ್ಧಿ ನೋಡು.

ನಿನಗೆ ಎಲ್ಲದರಲ್ಲೂ ಒಂದು ಕೈ ಕಾಣುತ್ತಿತ್ತು. ಈಳಿಗೆಯ ಮೇಲೆ ಬೆಂಡೆಕಾಯಿ ಹೆಚ್ಚುವಾಗ ಒಂದು ಬಿಲ್ಲೆಯನ್ನು ಎತ್ತಿ ಹಿಡಿದು, ನೋಡು, ಐದು ಮನಿ, ಮನಿಗೊಂದು ಬೀಜ, ಒಳಗ ಹೋಗಿ ಯಾರು ಗೆರಿ ಕೊರದ್ರು? ಅವನ ಕೈ, ಎನ್ನುತ್ತಿದ್ದೆ. ಕುಸುಬೆಯ ಹೂ, ಎಳ್ಳಿನ ಕಾಯಿ ಬಾಯಿ ಬಿಡುವ ರೀತಿ, ಹೀರೇಕಾಯಿ ಒಣಗಿದಾಗ ಒಳಗಿನ ಜಾಳಿಗೆ, ಎಲ್ಲವೂ ಅವನ ಕೈ. ಪಲ್ಯ ಆಗುವುದು ತಡವಾಗುತ್ತಿತ್ತು. ಅಪ್ಪ ಹೊಲದಿಂದ ಬಂದು, “ನಿನ್ನ ದೇವರು ಐದು ಮನಿ ಕಟ್ಟ್ಯಾನ, ನಮ್ಮ ಮನ್ಯಾಗ ಇನ್ನೂ ಒಲಿ ಹೊತ್ತಿಲ್ಲ” ಎಂದು ನಗುತ್ತಿದ್ದ.

ಪುಣೆಗೆ ಬಂದ ಮೇಲೆ ನನಗೆ ಆ ಕೈ ಕಾಣದಾಯಿತು. ಬುಧವಾರ ಪೇಠೆಯ ರಸ್ತೆಯ ಬದಿಗೆ ಗೋಣಿತಟ್ಟು ಹಾಸಿ ಮಾರುವ ಪುಸ್ತಿಕೆಗಳನ್ನು ನಾನು ಹೇಗೆ ಓದಿದೆ ಎಂದರೆ, ಹಸಿದವರು ಉಣ್ಣುವ ಹಾಗೆ. ಖಾದಿಯ ಮೇಲೆ, ಸ್ತ್ರೀಯರ ಶಿಕ್ಷಣದ ಮೇಲೆ, ಮೂಢನಂಬಿಕೆಯ ಮೇಲೆ, ಸತ್ಯನಿಷ್ಠೆಯ ಮೇಲೆ. ಎಲ್ಲ ಮರಾಠಿ, ಎಲ್ಲ ಕೆಟ್ಟ ಕಾಗದ, ಎಲ್ಲದರಲ್ಲೂ ಬೆಂಕಿ. ಕಣ್ಣಿಗೆ ಕಾಣದ್ದನ್ನು ನಂಬುವುದಿಲ್ಲ, ಬಾಯಿಗೆ ಸುಳ್ಳು ತರುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಗೋಡೆಗೆ ಬರೆದು ಹಚ್ಚಿದೆ. ಕೀಟಗಳ ಮೇಲಿನ ಒಂದು ಪುಸ್ತಿಕೆಯಲ್ಲಿ ಕುಂಬಾರ ಹುಳದ ನಿಜ ಸಿಕ್ಕಿತು. ಶಾಲೆಯ ಹಿಂದಿನ ಗೋಡೆಯ ಗೂಡೊಂದನ್ನು ಒಡೆದು, ಹುಡುಗಿಯರನ್ನೆಲ್ಲ ಕೂಡಿಸಿ, ಒಳಗಿನ ಹಸಿರು ಹುಳುಗಳನ್ನು ತೋರಿಸಿದೆ. ನೋಡಿರಿ, ಎಲ್ಲಿದ್ದಾನೆ ದೇವರು, ಎಂದೆ. ಗೆದ್ದವಳ ಹಾಗೆ ಖೋಲಿಗೆ ಬಂದು ನಿನಗೆ ಆ ಪತ್ರ ಬರೆದೆ.

ಸೆಪ್ಟೆಂಬರಿನಲ್ಲಿ ಒಂದು ಕುಂಬಾರ ಹುಳ ನನ್ನ ಖೋಲಿಗೇ ಬಂತು.

ನಾನೂ ಇಂದೂ ಎಂಬ ಗೆಳತಿಯೂ ಗಂಗೂಬಾಯಿಯ ವಾಡೆಯಲ್ಲಿ ಮೇಲಿನ ಖೋಲಿಯಲ್ಲಿದ್ದೇವೆ. ಗೋಡೆಯ ಗೂಡಿನಲ್ಲಿ ಒಂದರ ಮೇಲೊಂದು ಇಟ್ಟ ನನ್ನ ಪುಸ್ತಿಕೆಗಳ ಅಟ್ಟಿ ಇದೆ. ಎರಡು ಓಣಿಯಾಚೆ ಕುಂಬಾರವಾಡೆ, ಅಲ್ಲಿ ಯಾವಾಗಲೂ ಕಲಸಿದ ಮಣ್ಣಿನ ರಾಶಿ. ಆ ಹುಳ ಕಿಟಕಿಯಿಂದ ಬಂದು, ಇಡೀ ಖೋಲಿಯನ್ನು ಬಿಟ್ಟು, ಸರಿಯಾಗಿ ಆ ಅಟ್ಟಿಯ ಅಂಚಿನ ಮೇಲೆ ಮಣ್ಣು ಹಚ್ಚತೊಡಗಿತು. ಇಂದೂ ಕಡ್ಡಿ ತಂದಳು. ನಾನು ಅವಳ ಕೈ ಹಿಡಿದೆ. ನೋಡೋಣ, ಇದು ಶಾಸ್ತ್ರೀಯ ಅವಲೋಕನ, ಎಂದೆ. ಅವಳು ನಕ್ಕಳು. ಆ ಅಟ್ಟಿಯನ್ನು ಯಾರೂ ಮುಟ್ಟದಿರಲಿ ಎನ್ನುವುದಕ್ಕೆ ನನಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಬರೆಯಲು ಇನ್ನೂ ಕೈ ಏಳುತ್ತಿಲ್ಲ.

ಗಂಗೂಬಾಯಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಅಗ ರುದ್ರಾ, ದೇವರಿಗೆ ನಿನ್ನ ಖೋಲಿಯೊಳಗೆ ಜಾಗಾ ಇಲ್ಲ, ಹುಳಕ್ಕೆ ಅದ ಏನು” ಎಂದಳು. ಮರುದಿನದಿಂದ ಕಸ ಹೊಡೆಯುವಾಗ ಆ ಮೂಲೆಗೆ ಬಂದರೆ ಅವಳೂ ಪೊರಕೆಯನ್ನು ಮೆಲ್ಲಗೆ ಆಡಿಸತೊಡಗಿದಳು.

ನಾನು ಲೆಕ್ಕ ಬರೆದಿಟ್ಟೆ. ಮೊದಲನೆಯ ಗಡಿಗೆಗೆ ಇಪ್ಪತ್ತಾರು ಸಲ ಮಣ್ಣು ತಂತು. ಗಡಿಗೆ ಎಂದೆ, ಅದು ನಿಜವಾಗಿ ಗಡಿಗೆಯೇ ಅವ್ವಾ, ಕಡಲೆಕಾಳಿಗಿಂತ ತುಸು ದೊಡ್ಡದು. ಮಣ್ಣು ಹಚ್ಚುವಾಗ ಗುಂಯ್‌ಗುಡುತ್ತದೆ, ಹಚ್ಚಿ ಮುಗಿಸಿದ ಮೇಲೆ ಸುಮ್ಮನಾಗುತ್ತದೆ. ಒಳಗೆ ಒಂದು ಮೊಟ್ಟೆಯನ್ನು ನೂಲಿನಲ್ಲಿ ತೂಗುಹಾಕಿ, ಹುಳುಗಳನ್ನು ತುಂಬಿ, ಬಾಯಿ ಮುಚ್ಚಿತು. ಪುಸ್ತಿಕೆಯಲ್ಲಿ ಬರೆದದ್ದೆಲ್ಲ ನಿಜವೇ. ಒಂದನ್ನು ಮಾತ್ರ ಬರೆದವರು ಬಿಟ್ಟಿದ್ದರು. ಆ ಗಡಿಗೆಯ ಬಾಯಿಗೆ ಅಂಚಿದೆ. ನಮ್ಮ ನೀರಿನ ಕೊಡಕ್ಕೆ ಇರುವ ಹಾಗೆ, ಹೊರಕ್ಕೆ ಬಾಗಿದ, ತೆಳ್ಳಗಿನ, ಎಲ್ಲ ಕಡೆಗೂ ಸಮ ಇರುವ ಅಂಚು. ಎರಡು ದಿನದಲ್ಲಿ ಮುಚ್ಚಿಹೋಗುವ ಬಾಯಿ. ಮೇಲೆ ಮತ್ತೆ ಮಣ್ಣು ಮೆತ್ತಿ ಗಡಿಗೆಯೇ ಕಾಣದಂತೆ ಮಾಡುತ್ತದೆ. ಯಾರೂ ನೋಡದ ಬಾಯಿಗೆ ಅಷ್ಟು ಚೆಂದದ ಅಂಚು ಯಾಕೆ?

ಈ ಪ್ರಶ್ನೆ ನನ್ನನ್ನು ಮೂರು ದಿನ ಕಾಡಿತು. ವಾಡೆಯ ಹಿತ್ತಿಲಲ್ಲಿ ಯಾವುದೋ ಹುಳ ಅರ್ಧಕ್ಕೆ ಬಿಟ್ಟುಹೋದ ಖಾಲಿ ಗಡಿಗೆಯೊಂದು ಸಿಕ್ಕಿತು. ಅದನ್ನು ಅರಳೆಯಲ್ಲಿಟ್ಟು ಕುಂಬಾರವಾಡೆಗೆ ಒಯ್ದೆ. ತಿಗರಿಯ ಮುಂದೆ ಕೂತಿದ್ದ ಮುದುಕನೊಬ್ಬನಿಗೆ ಕೊಟ್ಟೆ. ಅವನು ಅದನ್ನು ಹೆಬ್ಬೆರಳಿನ ಉಗುರಿನ ಮೇಲೆ ಕೂರಿಸಿ, ತಿರುಗಿಸಿ, ಕಣ್ಣ ಹತ್ತಿರ ತಂದು ನೋಡಿದ. “ಕಚ್ಚಾ ಅದ. ಆದರೆ ಕೈ ಚಲೋ ಅದ” ಎಂದು ಮರಾಠಿಯಲ್ಲಿ ಹೇಳಿದ. ಆಮೇಲೆ ತನ್ನ ಮಗನನ್ನು ಕರೆದು, “ನೋಡೋ ದಿಗಂಬರ, ಅಂಚು ಅಂದರೆ ಹೀಗಿರಬೇಕು, ನೀನು ಮಾಡುವುದು ದನ ಕಡಿದ ಹಾಗಿರುತ್ತದೆ” ಎಂದ. ಮಗ ಗಡ್ಡ ನೆರೆತ ಮನುಷ್ಯ. ಅವನು ನನ್ನ ಕಡೆಗೆ ನೋಡಿದ ನೋಟದಲ್ಲಿ ಭಕ್ತಿಯೇನೂ ಇರಲಿಲ್ಲ.

ತಿರುಗಿ ಬರುವಾಗ ತಿಳಿಯಿತು, ಯಾರ ಕೈಯೂ ಇಲ್ಲ ಎಂದು ಊರಿಗೆಲ್ಲ ಹೇಳಿದ ನಾನು, ಇದು ಯಾರ ಕೈ ಎಂದು ಕೇಳಲು ಎರಡು ಓಣಿ ನಡೆದುಹೋಗಿದ್ದೆ.

ನಿಜವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ ಅವ್ವಾ. ಹಸಿರು ಹುಳಕ್ಕೆ ರೆಕ್ಕೆ ಬರುವುದಿಲ್ಲ. ಅದು ಕತ್ತಲೆಯಲ್ಲಿ ಬಿದ್ದಿರುತ್ತದೆ, ಮರಿ ಅದನ್ನು ತಿನ್ನುತ್ತದೆ. ಅಂಚು ಮಾಡಿದ ಕೈಯೇ ಇದನ್ನೂ ಮಾಡಿತೇ ಎಂದು ನೀನು ನನ್ನನ್ನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಿನ್ನಲ್ಲೂ ಇರಲಿಕ್ಕಿಲ್ಲ. ಊರಿಗೆ ಬಂದಾಗ ಇಬ್ಬರೂ ಕೂತು ಅವನ ಜೊತೆ ಜಗಳಾಡೋಣ. ಆದರೆ ಜಗಳಾಡುವುದಕ್ಕಾದರೂ ಅವನು ಇರಬೇಕಲ್ಲ ಎಂದು ನನಗೀಗ ಅನಿಸುತ್ತದೆ. ಇದನ್ನು ಗೋಡೆಯ ಪ್ರತಿಜ್ಞೆಯ ಕೆಳಗೆ ಇನ್ನೂ ಬರೆದು ಹಚ್ಚಿಲ್ಲ. ಇಂದೂಗೆ ಹೇಳಿದರೆ ನಮ್ಮ ಹುಡುಗಿಯರ ಓದುವ ಮಂಡಳಿಯಲ್ಲಿ ನನ್ನ ಮರ್ಯಾದೆ ಹೋಗುತ್ತದೆ.

ಅದು ಹೋದದ್ದೂ ಆಯಿತೆನ್ನು. ಹೋದ ವಾರ ಅಡಿಗೆ ನನ್ನ ಪಾಳಿ. ಬೆಂಡೆಕಾಯಿ ಹೆಚ್ಚುತ್ತ ಕೂತಿದ್ದೆ. ಏನೋ ಯೋಚನೆಯಲ್ಲಿ ಒಂದು ಬಿಲ್ಲೆಯನ್ನು ಎತ್ತಿ, ಎದುರು ಕೂತಿದ್ದ ಇಂದೂನ ಕಣ್ಣ ಮುಂದೆ ಹಿಡಿದು, “ನೋಡು, ಐದು ಮನಿ, ಮನಿಗೊಂದು ಬೀಜ” ಎಂದುಬಿಟ್ಟೆ. ಕನ್ನಡದಲ್ಲಿ. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಅವಳು ಬಿಲ್ಲೆಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. “ಈಗ ಮಾತಾಡಿದವಳು ನೀನಲ್ಲ. ಯಾರು?” ಎಂದು ಕೇಳಿದಳು. ಬೆರಳು ಮೇಲೆತ್ತಿದ ರೀತಿ, ತಲೆ ಓರೆ ಮಾಡಿದ ರೀತಿ, ಕೊನೆಯ ಮಾತನ್ನು ಎಳೆದ ರೀತಿ, ಎಲ್ಲ ನಿನ್ನದು. ನನ್ನ ಮುಖ ಭೀಮವ್ವನದು ಎಂದು ನೋಡಿದವರೆಲ್ಲ ಅನ್ನುತ್ತಾರೆ. ಆ ಮುಖದೊಳಗಿಂದ ನೀನು ಮಾತಾಡಿದೆ. ನಲವತ್ತು ದಿನದ ಕೂಸಿದ್ದಾಗಿನಿಂದ ನನ್ನ ಕಿವಿಯ ಹತ್ತಿರ ಗುಂಯ್‌ಗುಟ್ಟಿದವಳು ನೀನಲ್ಲದೆ ಇನ್ನು ಯಾರು?

ಗೂಡಿಗೆ ಕೊನೆಯ ಮಣ್ಣು ಹಚ್ಚಿದ ಮೇಲೆ ಆ ತಾಯಿ ಹುಳ ತಿರುಗಿ ಬರುವುದಿಲ್ಲ ಅವ್ವಾ. ತನ್ನ ಮರಿಯ ಮುಖವನ್ನು ಅದು ಎಂದೂ ನೋಡುವುದಿಲ್ಲ. ಪರರ ಕೂಸನ್ನು ತನ್ನ ಹಾಗೆ ಮಾಡುವುದು ಅದಕ್ಕೆ ಬಾರದು. ನಿನ್ನ ಕಥೆ ಹುಳದ ಮಟ್ಟಿಗೆ ಸುಳ್ಳು. ನಿನ್ನ ಮಟ್ಟಿಗೆ ಅಲ್ಲ. ಸಾಕ್ಷಿ ನಾನೇ ಇದ್ದೇನೆ, ಕಣ್ಣಿಗೆ ಕಾಣುವ ಸಾಕ್ಷಿ.

ಜಗಲಿಯ ಗೂಡನ್ನು ಒಡೆದೆ ಎಂದು ಬರೆಸಿದ್ದೀ. ಹದಿನೈದು ಪಂಚಮಿಗಳ ಸುಣ್ಣ ತಪ್ಪಿಸಿ ಕಾಯ್ದದ್ದನ್ನು ನನ್ನ ಒಂದು ಕಾಗದಕ್ಕೆ ಒಡೆದೆ. ಅಲ್ಲಿ ಈಗ ಏನಿದೆ? ಬರಿಯ ಕಲೆ ಇದ್ದರೆ ಅದರ ಮೇಲೆ ಸುಣ್ಣ ಹೊಡೆಯಬೇಡ. ದೀಪಾವಳಿಯ ರಜೆಗೆ ಬರುತ್ತೇನೆ. ಬೆಳಗಾವಿಯವರೆಗೆ ರೈಲು, ಅಲ್ಲಿಂದ ಮೋಟಾರು. ಬಾಗಿಲಲ್ಲಿ ನಿಂತು ಅವ್ವಾ ಎಂದು ಕೂಗುತ್ತೇನೆ. ಓ ಎನ್ನುವುದು ಬಿಡುವುದು ನಿನ್ನ ಕೈಯಲ್ಲಿದೆ. ಅದಕ್ಕೂ ಮೊದಲು ಕಾಕಾನ ಕೈಯಿಂದ ಒಂದು ಸಾಲು ಬರೆಸಿದರೆ, ಕೆಳಗಿನ ಸಹಿಯನ್ನು ಮೊದಲು ನೋಡುತ್ತೇನೆ.

ಬೈದರೂ ಸರಿ, ಕರೆದರೂ ಸರಿ, ನಿನ್ನದೇ ಮಾತಾಡುವ
ನಿನ್ನ ಮಗಳು
ರುದ್ರವ್ವ

ತಾ.ಕ. ಇವತ್ತು ಮಂಗಳವಾರ. ರವಿವಾರ ಬರೆದದ್ದನ್ನು ಎರಡು ದಿನ ಅಂಚೆಗೆ ಹಾಕಲಿಲ್ಲ, ಏಕೆಂದರೆ ಅದು ಅರ್ಧ ಪತ್ರ. ಬೆಳಿಗ್ಗೆ ಕೊನೆಯ ಗಡಿಗೆಗೂ ತೂತು ಬಿತ್ತು. ಮರಿ ಹೊರಗೆ ಬಂದು, ಅಟ್ಟಿಯ ಅಂಚಿನ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡು, ಕಿಟಕಿಯಿಂದ ಹೋಯಿತು. ಇನ್ನು ಅಟ್ಟಿಯನ್ನು ಮುಟ್ಟದಿರಲು ನನಗೆ ನೆಪ ಉಳಿದಿಲ್ಲ. ಒಣಗಿದ ಮಣ್ಣನ್ನು ಬಿಡಿಸಿ, ಅಂಟಿಕೊಂಡಿದ್ದ ಪುಸ್ತಿಕೆಯೊಂದನ್ನು ತೆರೆದೆ. ಸತ್ಯನಿಷ್ಠೆಯ ಮೇಲಿನದು. ಒಳಗೆ ಒಂದು ಕಾರ್ಡಿದೆ. ಇದೆ ಎಂದು ಗೊತ್ತಿತ್ತು. ಇಟ್ಟವಳು ನಾನೇ.

ಭೀಮವ್ವನ ಹಿರಿಯ ಮಗ ಸಿದ್ರಾಮಪ್ಪಣ್ಣ ಬರೆದ ಕಾರ್ಡು. ಅವ್ವಗ ಭಾಳ ಜಡ್ಡು, ನಿನ್ನ ಹೆಸರು ತಗೋತಾಳ, ಲಗೂನ ಬಾ. ಏಪ್ರಿಲ್ ಒಂಬತ್ತಕ್ಕೆ ನನ್ನ ಕೈಗೆ ಬಂತು. ಆಮೇಲೆ ಎಂಟು ದಿನ ಅವಳು ಇದ್ದಳು. ರೈಲು ಒಂದು ರಾತ್ರಿಯದು. ಪರೀಕ್ಷೆ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಹೋಗಿ ಅವಳನ್ನು ಏನೆಂದು ಕರೆಯಲಿ ಎಂದು ಹೆದರಿದೆ. ಅವ್ವ ಎಂದರೆ ನಿನ್ನದನ್ನು ಕಿತ್ತು ಕೊಟ್ಟಂತೆ. ಚಿಕ್ಕವ್ವ ಎಂದರೆ ಸಾಯುವವಳಿಗೆ ಅಷ್ಟನ್ನೂ ಕೊಡದಂತೆ. ಕಾರ್ಡನ್ನು ಪುಸ್ತಿಕೆಯಲ್ಲಿಟ್ಟೆ. ಆಮೇಲೆ ನನ್ನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ಹಾಕಿದೆ.

ನಿನ್ನ ಪತ್ರದ ಆ ಇನ್ನೊಂದು ಸಾಲು ಇದು: ನೀ ಯಾಕ ಬರಲಿಲ್ಲ ಅಂತ ಸಿದ್ರಾಮಪ್ಪ ಕೇಳಿದ, ಕಾರ್ಡು ಹಾದ್ಯಾಗ ಎಲ್ಲ್ಯೋ ಕಳದಿರಬೇಕು ಅಂತ ನಾನಽ ಹೇಳೇನಿ. ಅವ್ವಾ, ಕಾರ್ಡು ನನಗೆ ಮುಟ್ಟಿದೆ ಎಂದು ನಿನಗೆ ಗೊತ್ತಿತ್ತು. ಕಟ್ಟೆಯ ಮೇಲೆ ಎಲ್ಲರ ಮುಂದೆ ನಿನ್ನನ್ನು ಸುಳ್ಳುಗಾರ್ತಿ ಎಂದು ಓದಿದಾಗಲೂ ಗೊತ್ತಿತ್ತು. ನೀನು ಜೋಳ ಹಸನು ಮಾಡುತ್ತ ಕೂತೆ. ನನಗಾಗಿ ಒಂದೇ ಒಂದು ಸುಳ್ಳು ಹೇಳಿದೆ, ಅದೂ ಆಮೇಲೆ.

ಸಿದ್ರಾಮಪ್ಪಣ್ಣನಿಗೆ ನಾನೇ ಬೇರೆ ಬರೆದಿದ್ದೇನೆ. ಕಾಕಾ, ತಾ.ಕ. ಎಂದು ಬರೆದಲ್ಲಿಂದ ಇಷ್ಟು ಭಾಗವನ್ನು ಕಟ್ಟೆಯ ಮೇಲೆ ಓದಿರಿ, ಅವತ್ತು ಕೇಳಿದವರನ್ನೆಲ್ಲ ಕರೆದು, ಶಿವಬಸವ್ವನನ್ನು ಮುಂದೆ ಕೂರಿಸಿ. ಕಾರ್ಡು ಹಾದಿಯಲ್ಲಿ ಕಳೆಯಲಿಲ್ಲ. ಇದೇ ಲಕೋಟೆಯಲ್ಲಿದೆ, ಮಣ್ಣು ಹತ್ತಿದ ಹಾಗೆಯೇ. ಅವ್ವನ ಕೈಗೆ ಕೊಡಿರಿ.